ತಂತಿಯಿಲ್ಲದ ನಂಟು

ತಂತಿಯಿಂದ ಬಿಗಿದ ಯಂತ್ರವು ಕೆಟ್ಟರೆ ದೋಷವು ಕೈಗೆ ಸಿಕ್ಕುವುದು. ತಂತಿ ಹರಿದಿದೆಯೋ, ತುದಿ ಸಡಿಲಿದೆಯೋ ಎಂದು ಬೆರಳಿನಿಂದ ತಡವಿ ತಿಳಿಯಬಹುದು. ತಂತಿಯಿಲ್ಲದ ನಂಟು ಕೆಟ್ಟಾಗಲಾದರೋ ತಡವಿ ನೋಡತಕ್ಕುದು ಏನೂ ಇರುವುದಿಲ್ಲ. ಆದುದರಿಂದಲೇ ಬ್ಲೂಟೂತ್ ಎಂಬ ಏರ್ಪಾಡು ಮುನಿದ ದಿನ ಬಲ್ಲವರೂ ತಬ್ಬಿಬ್ಬಾಗುವರು. ವಯಸ್ಸಾದವರಂತೂ ತಪ್ಪು ತಮ್ಮದೇ ಎಂದೆಣಿಸಿ ಸುಮ್ಮನಾಗಿಬಿಡುವರು.

ಮಾನ್ವಿ ಸೀಮೆಯ ಕುರ್ಡಿಯಂತಹ ಊರಿನ ಮನೆಯೊಂದನ್ನು ನೆನೆಯಬಹುದು. ಅಲ್ಲಿಯ ಹಿರಿಯರು ಬಹುಕಾಲ ಮಕ್ಕಳಿಗೆ ಪಾಠ ಹೇಳಿ ವಿಶ್ರಾಂತರಾದವರು. ಕಿವಿ ಕೊಂಚ ಮಂದವಾದುದರಿಂದ, ಬೆಂಗಳೂರಿನ ಮಗಳು ಕೊರಳಿಗೆ ಹಾಕಿಕೊಳ್ಳುವ ಶ್ರವಣಪಟ್ಟಿಯೊಂದನ್ನು ಕಳುಹಿಸಿದ್ದಳು. ಕೆಲವು ದಿನ ಸುಖವಾಗಿ ಮಾತು ನಡೆಯಿತು. ಬಳಿಕ ಒಂದು ಸಂಜೆ ಫೋನು ಮೊಳಗಿತು. ಹಿರಿಯರು ಅದನ್ನೆತ್ತಿ ಕಿವಿಗಿಟ್ಟರು. ಒಂದು ಅಕ್ಷರವೂ ಕೇಳಲಿಲ್ಲ. ಮರುದಿನವೂ ಹಾಗೆಯೇ. ಉಳಿದಿದ್ದ ಕಿವಿಯೂ ಹೋಯಿತೆಂದು ಅವರು ನಿಶ್ಚಯಿಸಿ, ಯಾರಿಗೂ ಹೇಳದೆ, ಫೋನು ಮೊಳಗಿದರೂ ಎತ್ತುವುದನ್ನು ಬಿಟ್ಟರು. ತಂದೆಗೆ ತನ್ನ ಮೇಲೆ ಕೋಪವೆಂದು ಮಗಳು ಅಲ್ಲಿ ಕಣ್ಣೀರು ತಂದುಕೊಂಡಳು.

ನಿಜಸ್ಥಿತಿ ಬೇರೆ. ಕೊರಳ ಪಟ್ಟಿಯನ್ನು ಆರಿಸದೆ ಗೋಡೆಯ ಗೂಟಕ್ಕೆ ತೂಗುಹಾಕಿದ್ದರು. ಅದು ಫೋನಿನ ನಂಟನ್ನು ಬಿಟ್ಟಿರಲಿಲ್ಲ. ಮಗಳ ದನಿಯೆಲ್ಲ ಗೂಟದ ಕಡೆಗೆ ಹರಿಯಿತು. ಪಟ್ಟಿಯೊಳಗಿನ ಧ್ವನಿಗ್ರಾಹಕವು ತಂದೆಯ ಮಾತನ್ನು ಬಿಟ್ಟು ಮನೆಯ ಗದ್ದಲವನ್ನೇ ಅತ್ತ ಸಾಗಿಸಿತು. ರಜೆಗೆ ಬಂದ ಮೊಮ್ಮಗನು ಕ್ಷಣಕಾಲ ಫೋನಿನ ತೆರೆಯನ್ನು ನೋಡಿ, "ಮುತ್ಯಾ, ನಿಮ್ಮ ಕಿವಿ ಕೆಟ್ಟಿಲ್ರೀ; ಅತ್ತಿ ದನಿ ಗೂಟಕ್ಕ ಹೋಗ್ಯಾದ" ಎಂದನು.

ಈ ವಿದ್ಯೆಯ ಬಗೆಯನ್ನು ತುಸು ಅರಿತರೆ ಇಂತಹ ದುಃಖವು ತಪ್ಪುವುದು. ಇದು 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ಮೊಳೆಯಿತು; 1998ರಲ್ಲಿ ಹಲವು ಸಂಸ್ಥೆಗಳು ಕೂಡಿ ಇದನ್ನು ಬೆಳೆಸಿದವು. ಒಡೆದ ಜನರನ್ನು ಒಂದುಗೂಡಿಸಿದನೆಂದು ಹೆಸರಾದ, ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸು ಹೆರಾಲ್ಡನ 'ನೀಲಿ ಹಲ್ಲು' ಎಂಬ ಅಡ್ಡಹೆಸರೇ ಇದಕ್ಕೆ ನಾಮಕರಣವಾಯಿತು. ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವ ತರಂಗಗಳೇ ಇದರ ವಾಹನ. ಮೂಲಪದ್ಧತಿಯಲ್ಲಿ ಆ ಹರಹನ್ನು 79 ದಾರಿಗಳಾಗಿ ಸೀಳಿ, ಎರಡು ಯಂತ್ರಗಳೂ ಮೊದಲೇ ಒಪ್ಪಿಕೊಂಡ ಕ್ರಮದಲ್ಲಿ ಸೆಕೆಂಡಿಗೆ 1600 ಸಲ ದಾರಿಯಿಂದ ದಾರಿಗೆ ನೆಗೆಯುತ್ತವೆ. ಜಾತ್ರೆಯ ಗಲಭೆಯಲ್ಲಿ ಇಬ್ಬರು ಗೆಳೆಯರು ಸದ್ದಿಲ್ಲದ ಮೂಲೆಗಳನ್ನು ಹುಡುಕಿ ಹುಡುಕಿ ಮಾತು ಮುಂದುವರಿಸುವಂತೆ ಇದು. ಮೊದಲ ಪರಿಚಯದಲ್ಲಿ ಎರಡೂ ಒಂದು ಗುಟ್ಟಿನ ಸಂಕೇತವನ್ನು ನೆನಪಿಟ್ಟುಕೊಳ್ಳುವುವು. ಒಂದು ಮರೆತು ಇನ್ನೊಂದು ನೆನಪಿಟ್ಟರೆ ನಂಟು ಕೂಡದು.

ಪರೀಕ್ಷೆಯ ಕ್ರಮವೂ ಇದರಿಂದಲೇ ಹುಟ್ಟುವುದು. ಮೊದಲು ಎರಡರಲ್ಲಿಯೂ ವಿದ್ಯುತ್ತು ತುಂಬಿದೆಯೇ ಎಂದು ನೋಡತಕ್ಕುದು. ಎರಡನೆಯದು, ದನಿಯು ಈಗ ಯಾವ ಯಂತ್ರಕ್ಕೆ ಹೋಗುತ್ತಿದೆ ಎಂಬುದು. ಮನೆಯ ಇನ್ನೊಬ್ಬರ ಫೋನು ಪಟ್ಟಿಯನ್ನು ಮೊದಲೇ ಹಿಡಿದುಕೊಂಡಿರಬಹುದು. ಹಾಡು ಕೇಳಿ ಕರೆ ಮಾತ್ರ ಕೇಳದಿದ್ದರೆ, ಆ ಯಂತ್ರದ ಹೆಸರಿನಡಿಯಲ್ಲಿ ಕರೆಗಳಿಗೆ ಅನುಮತಿ ಇದೆಯೇ ಎಂದು ಪರಿಶೀಲಿಸಬೇಕು. ದನಿಯು ಕಡಿಕಡಿದು ಬಂದರೆ ಅಂತರವನ್ನು ಸಂಶಯಿಸಬೇಕು. ಕಲ್ಲುಮಣ್ಣಿನ ದಪ್ಪ ಗೋಡೆಯು ಈ ತರಂಗವನ್ನು ಕುಗ್ಗಿಸುವುದು. ನೀರೇ ಹೆಚ್ಚಾಗಿರುವ ಮನುಷ್ಯದೇಹವೂ ಅದನ್ನು ಹೀರುವುದು. ಜೇಬನ್ನು ಬದಲಿಸಿದ ಮಾತ್ರಕ್ಕೆ ದನಿಯು ಸರಿಹೋಗುವುದುಂಟು. ಇಷ್ಟಕ್ಕೂ ಬಗ್ಗದಿದ್ದರೆ ಎರಡರಲ್ಲಿಯೂ ಹಳೆಯ ಪರಿಚಯವನ್ನು ಅಳಿಸಿ, ಹೊಸದಾಗಿ ಕೂಡಿಸತಕ್ಕುದು. ಒಂದೇ ಕಿವಿಯ ಕಡೆ ದನಿ ಕುಗ್ಗಿದ್ದರೆ ಜಾಲರಿಯಲ್ಲಿ ಗುಗ್ಗೆ ಕಟ್ಟಿದೆಯೇ ಎಂದು ನೋಡಿ, ಒಣಬಟ್ಟೆಯಿಂದ ಮೆಲ್ಲನೆ ಒರಸಬೇಕು. ರಾಯಚೂರಿನ ಬೇಸಗೆಯಲ್ಲಿ ಇದನ್ನು ಬಿಸಿಲಿಗಿಟ್ಟು ವಿದ್ಯುತ್ತು ತುಂಬುವುದು ಬ್ಯಾಟರಿಗೆ ಹಿತವಲ್ಲ.

ಒಂದು ಮಾತನ್ನು ಮಾತ್ರ ಮರೆಯಲಾಗದು. ಇಂತಹ ಪಟ್ಟಿಯು ಕಿವುಡಿಗೆ ಔಷಧವಲ್ಲ. ಯಂತ್ರವು ಸರಿಯಿದ್ದೂ ಕೇಳದಿದ್ದರೆ ಕಿವಿಯ ವೈದ್ಯರನ್ನು ಕಾಣಬೇಕು. ಆದರೆ ಯಂತ್ರವನ್ನು ಪರೀಕ್ಷಿಸದೆ ದೇಹವನ್ನು ನಿಂದಿಸುವುದೂ ವಿವೇಕವಲ್ಲ. ಕಿವಿ ಮಂದವಾದ ಹಿರಿಯರು ಮಾತಿನಿಂದ ದೂರ ಸರಿದರೆ ಮನೆಯವರು ಅದನ್ನು ಮುಪ್ಪಿನ ಸ್ವಭಾವವೆಂದು ಬಿಡುತ್ತಾರೆ. ಎರಡು ನಿಮಿಷ ಪಕ್ಕದಲ್ಲಿ ಕುಳಿತು, ಬೇಸರವಿಲ್ಲದೆ ಗುಂಡಿಗಳನ್ನು ತೋರಿಸಿಕೊಟ್ಟರೆ ಸಾಲದೆ? ಯಂತ್ರಗಳ ಪರಿಚಯವನ್ನು ಅಳಿಸಿ ಮತ್ತೆ ಬರೆಯುವುದು ಸುಲಭ. ಮುನಿಸೆಂದು ಬಗೆದು ತಂದೆಮಗಳು ಕಳೆದುಕೊಂಡ ದಿನಗಳನ್ನು ಮರಳಿ ತರುವ ಗುಂಡಿಯು ಯಾವ ಯಂತ್ರದಲ್ಲಿಯೂ ಇಲ್ಲ.