ನಿನ್ ಗಾಡಿ ಎಷ್ಟೆತ್ತರ?

ಮೂರು ವರ್ಷದ ಹಿಂದಿನ ಮಾತು. ಜೂನ್ ತಿಂಗಳ ಒಂದು ಬೆಳಿಗ್ಗೆ ನ್ಯೂಜೆರ್ಸಿಯ ಬಾಡಿಗೆ ಗಾಡಿಗಳ ಅಂಗಳದಲ್ಲಿ ನಾವು ನಾಲ್ವರು ನಿಂತಿದ್ದೆವು. ನಾನು, ಹೆಂಡತಿ, ಎಂಟು ವರ್ಷದ ಮಗಳು ಮತ್ತು ಊರಿನಿಂದ ಬಂದಿದ್ದ ಅಪ್ಪ. ಒಂದು ವಾರಕ್ಕೆ ಆರ್‌ವಿ ತೆಗೆದುಕೊಂಡು ಮೇಯ್ನ್ ರಾಜ್ಯದ ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಹಾಸಿಗೆ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲ ಒಳಗೇ ಇರುವ ಆ ಇಪ್ಪತ್ತೈದು ಅಡಿ ಉದ್ದದ ಗಾಡಿಯನ್ನು ಅಪ್ಪ ಒಂದು ಸುತ್ತು ಹಾಕಿ ನೋಡಿದ. ಟೈರಿಗೊಮ್ಮೆ ಒದ್ದ. ಆಮೇಲೆ ಕೇಳಿದ, “ಎಷ್ಟೆತ್ತರ ಐತೆ ಇದು?”

ಕಾಗದ ಪತ್ರ ಹಿಡಿದು ನಿಂತಿದ್ದ ಹುಡುಗನನ್ನು ಕೇಳಿದೆ. ಸುಮಾರು ಹನ್ನೊಂದು ಅಡಿ ಅಂದ.

“ಸುಮಾರು ಅಂದ್ರೆ? ಸೇತುವೆ ಸುಮಾರಾಗಿರಲ್ಲ ಕಣೋ.”

ಅಪ್ಪ ರಾಜ್ಯ ಸಾರಿಗೆ ಬಸ್ಸನ್ನು ಇಪ್ಪತ್ತೊಂಬತ್ತು ವರ್ಷ ಓಡಿಸಿ ನಿವೃತ್ತನಾದವನು. ಅವನು ಬಿಡಲಿಲ್ಲ. ನಾನು ಹಿಂದಿನ ಏಣಿ ಹತ್ತಬೇಕಾಯಿತು. ಗಾಡಿಯ ಅತಿ ಎತ್ತರದ ಜಾಗ ಸೂರಲ್ಲ, ಸೂರಿನ ಮೇಲೆ ಕೂರಿಸಿದ ಏಸಿ. ಅದರ ಮೇಲೆ ಪೊರಕೆ ಕೋಲನ್ನು ಅಡ್ಡ ಇಟ್ಟು, ಕೋಲಿನ ತುದಿಯಿಂದ ನೆಲಕ್ಕೆ ಟೇಪು ಬಿಟ್ಟೆವು. ಹನ್ನೊಂದು ಅಡಿ ಮೂರು ಇಂಚು. ಅಪ್ಪ ಇನ್ನೂ ಮೂರು ಇಂಚು ಸೇರಿಸು ಅಂದ. ಮಗಳು 11-6 ಎಂದು ದಪ್ಪಕ್ಷರದಲ್ಲಿ ಬರೆದ ಚೀಟಿಯನ್ನು ಸ್ಟೇರಿಂಗ್ ಎದುರಿಗೆ ಅಂಟಿಸಿದಳು. ಅಡಿ, ಇಂಚುಗಳಲ್ಲೇ ಅಳೆಯುವ ದೇಶ ಅಮೆರಿಕ. ಅಪ್ಪನಿಗೆ ಇಲ್ಲಿ ಸಲೀಸಾಗಿ ಅರ್ಥವಾದ ಭಾಷೆ ಅದೊಂದೇ.

ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಆದರೆ ಸಹಿ ಹಾಕುವಾಗ ಕರಾರಿನಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಗಾಡಿಯ ಮೇಲ್ಭಾಗಕ್ಕೆ ಆಗುವ ಪೆಟ್ಟಿಗೆ ವಿಮೆ ಅನ್ವಯಿಸುವುದಿಲ್ಲ. ಅಂದರೆ ಈ ತಪ್ಪು ಮಾಡುವವರು ಅಪರೂಪವಲ್ಲ.

ಅಪರೂಪವಂತೂ ಅಲ್ಲವೇ ಅಲ್ಲ. ನಾರ್ತ್ ಕೆರೊಲಿನಾದ ಡರಮ್ ಊರಿನಲ್ಲಿ ಒಂದು ರೈಲ್ವೆ ಸೇತುವೆ ಇದೆ. ಎತ್ತರ ಮೊದಲು 11 ಅಡಿ 8 ಇಂಚು ಇತ್ತು. ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು 2008ರಲ್ಲಿ ಕ್ಯಾಮೆರಾ ಇಟ್ಟರು. ಬಾಡಿಗೆ ಲಾರಿಗಳ, ಆರ್‌ವಿಗಳ ಸೂರು ಡಬ್ಬದ ಮುಚ್ಚಳದಂತೆ ಸುರುಳಿ ಸುತ್ತಿಕೊಳ್ಳುವ ದೃಶ್ಯಗಳನ್ನು ಜಗತ್ತೆಲ್ಲ ನೋಡಿತು. ಮಿನುಗುವ ಎಚ್ಚರಿಕೆ ಫಲಕ ಬಂತು, ಕೆಂಪು ದೀಪ ಬಂತು. 2019ರಲ್ಲಿ ಸೇತುವೆಯನ್ನೇ ಎಂಟು ಇಂಚು ಮೇಲೆತ್ತಿದರು. ಈಗಲೂ ಗುದ್ದುವವರು ಗುದ್ದುತ್ತಲೇ ಇದ್ದಾರೆ.

ಅಮೆರಿಕದ ದೊಡ್ಡ ಹೆದ್ದಾರಿಗಳಲ್ಲಿ ಈ ಭಯ ಕಡಿಮೆ. ಇಂಟರ್‌ಸ್ಟೇಟ್ ರಸ್ತೆಗಳ ಮೇಲಿನ ಸೇತುವೆಗಳು ಸಾಮಾನ್ಯವಾಗಿ ಹದಿನಾಲ್ಕರಿಂದ ಹದಿನಾರು ಅಡಿ ಎತ್ತರ ಬಿಟ್ಟಿರುತ್ತವೆ. ಅಪಾಯವಿರುವುದು ಪೂರ್ವ ಕರಾವಳಿಯ ‘ಪಾರ್ಕ್‌ವೇ’ಗಳಲ್ಲಿ. ಕಾರು ಹೊಸದಾಗಿದ್ದ ಕಾಲದಲ್ಲಿ, ಕಾರಿದ್ದವರು ಮರಗಳ ನಡುವೆ ವಿಹಾರ ಹೋಗಲೆಂದು ಕಟ್ಟಿದ ರಸ್ತೆಗಳವು. ಮೇಲೆ ಚೆಂದದ ಕಮಾನು ಸೇತುವೆಗಳು, ಕೆಳಗೆ ಕಾರಿಗೆ ಸಾಕಾಗುವಷ್ಟು ಜಾಗ. ನಮ್ಮ ದಾರಿಗೆ ಅಕ್ಕಪಕ್ಕದಲ್ಲೇ ಸಾಗುವ ಕನೆಕ್ಟಿಕಟ್‌ನ ಮೆರಿಟ್ ಪಾರ್ಕ್‌ವೇ 1938ರಿಂದ 1940ರ ನಡುವೆ ತೆರೆದದ್ದು. ಅಲ್ಲಿ ಎಂಟು ಅಡಿಗಿಂತ ಎತ್ತರದ ಗಾಡಿಗೆ ಪ್ರವೇಶವಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಎಡವಿದೆ.

ಸ್ಟ್ಯಾಮ್‌ಫರ್ಡ್ ದಾಟುತ್ತಿದ್ದಂತೆ ಹೆದ್ದಾರಿಯಲ್ಲಿ ವಾಹನಗಳು ಕಟ್ಟಿಕೊಂಡವು. ಫೋನಿನ ಹುಡುಗಿ ಬೇರೆ ದಾರಿಯಲ್ಲಿ ಹೋದರೆ ಇಪ್ಪತ್ತೆರಡು ನಿಮಿಷ ಉಳಿಯುತ್ತದೆ ಎಂದಳು. ನಾನು ಓಡಿಸುತ್ತಿರುವುದು ಕಾರೋ ಮನೆಯೋ ಎಂದು ಅವಳು ಕೇಳುವವಳಲ್ಲ. ಲಾರಿಯವರ ಜಿಪಿಎಸ್ ಆದರೆ ಗಾಡಿಯ ಎತ್ತರ ಕೇಳಿ, ಅದಕ್ಕೆ ತಕ್ಕ ದಾರಿ ಹೇಳುತ್ತದೆ. ಅದನ್ನು ಕೊಳ್ಳಲು ನಾನು ಜಿಪುಣತನ ಮಾಡಿದ್ದೆ. ಎರಡು ಗಂಟೆ ಓಡಿಸಿದ ಮೇಲೆ ಗಾಡಿ ಕೈಗೆ ಒಗ್ಗಿತ್ತು. ಕೈಗೆ ಒಗ್ಗಿದ ಗಾಡಿ ತಲೆಯೊಳಗೆ ಕಾರಾಗಿಬಿಡುತ್ತದೆ. ನಾರ್ವಾಕ್ ಊರಿನ ಒಳರಸ್ತೆಗೆ ಇಳಿದು, ಹೇಳಿದ ಕಡೆ ತಿರುಗಿಸಲು ಹೊರಟೆ.

“ನಿಲ್ಸು!”

ಅಪ್ಪನ ದನಿ ಅಷ್ಟು ಜೋರಾಗಿದ್ದನ್ನು ನಾನು ಬಾಲ್ಯದಲ್ಲೂ ಕೇಳಿರಲಿಲ್ಲ. ಬ್ರೇಕ್ ಒತ್ತಿದೆ. ಹಿಂದೆ ಪಾತ್ರೆಗಳು ಉರುಳಿದವು. ಅಪ್ಪ ರಸ್ತೆಬದಿಯ ಫಲಕಕ್ಕೆ ಬೆರಳು ತೋರಿಸಿದ. ಬರಬಾರದ ವಾಹನಗಳ ಪಟ್ಟಿಯಲ್ಲಿ ಅವನು ಅಕ್ಷರ ಕೂಡಿಸಿ ಓದಿದ್ದು ಒಂದೇ ಪದ. “ಬಸ್ಸು ಬರಬಾರ್ದು ಅಂತ ಐತೆ. ಬಸ್ಸು ಹೋಗದಿರೋ ಕಡೆ ಇದು ಹೋಗ್ತದಾ?”

ಪಾರ್ಕ್‌ವೇಯ ಬಾಯಲ್ಲಿದ್ದೆವು. ಮುಂದೆ ಹೋದರೆ ತಿರುಗಿಸಲು ಜಾಗವಿಲ್ಲ, ಹಿಂದೆ ಮೂರು ಕಾರು. ಅಪಾಯದ ದೀಪ ಹಾಕಿದೆ, ಕೈ ನಡುಗುತ್ತಿತ್ತು. ಅಷ್ಟರಲ್ಲಿ ಅಪ್ಪ ಕೆಳಗಿಳಿದಾಗಿತ್ತು. ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ಹಿಂದಿನ ಕಾರುಗಳಿಗೆ ಬೀಸಿದ. ಅದೇನು ತಿಳಿಯಿತೋ, ಅವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಆಮೇಲೆ ಗಾಡಿಯ ಪಕ್ಕೆಗೆ ಅಂಗೈಯಿಂದ ಬಡಿಯುವ ಸದ್ದು. “ಬರ್ಲಿ, ಬರ್ಲಿ… ಹೋಲ್ಡಾನ್! ಲೆಫ್ಟಿಗೆ ಕೊಡು… ರೈಟ್, ರೈಟ್!” ಕನೆಕ್ಟಿಕಟ್‌ನ ಗಾಳಿಯಲ್ಲಿ ಹಾಸನದ ಬಸ್ ಸ್ಟ್ಯಾಂಡು. ನಾನು ಅಳತೆ, ಕನ್ನಡಿ ಎಲ್ಲ ಮರೆತು ಆ ದನಿಯನ್ನೇ ನಂಬಿ ಹಿಂದಕ್ಕೆ ಬಂದೆ.

ಆ ರಾತ್ರಿ ಮ್ಯಾಸಚೂಸೆಟ್ಸ್‌ನ ಒಂದು ಬಿಡಾರದಲ್ಲಿ ಬೆಂಕಿ ಹಾಕಿ ಕೂತಾಗ, ಅಪ್ಪನನ್ನು ನಗಿಸಲೆಂದು ನ್ಯೂಯಾರ್ಕಿನ ರಾಬರ್ಟ್ ಮೋಸೆಸ್‌ನ ಕತೆ ಹೇಳಿದೆ. ಲಾಂಗ್ ಐಲೆಂಡಿನ ಪಾರ್ಕ್‌ವೇಗಳನ್ನು ಕಟ್ಟಿಸಿದ ಅಧಿಕಾರಿ ಅವನು. ಬಡವರು, ಕಪ್ಪುಜನರು ಬಸ್ಸಿನಲ್ಲಿ ಕಡಲತೀರಕ್ಕೆ ಬರಬಾರದೆಂದೇ ಸೇತುವೆಗಳನ್ನು ತಗ್ಗಾಗಿ ಕಟ್ಟಿಸಿದ ಎಂದು ರಾಬರ್ಟ್ ಕ್ಯಾರೊ 1974ರಲ್ಲಿ ಬರೆದರು. ಬಸ್ಸಿಗೆ ಅಲ್ಲಿ ಹೇಗೂ ನಿಷೇಧವಿತ್ತು, ಆ ಕತೆ ಪೂರ್ತಿ ನಿಲ್ಲುವುದಿಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಅಪ್ಪ ನಗಲಿಲ್ಲ. “ಬಸ್ಸು ಬರಬಾರ್ದು ಅಂತ ಸೇತುವೆ ಕಟ್ಟೋರೂ ಇರ್ತಾರಾ?” ಅಂದ. ಬಹಳ ಹೊತ್ತು ಬೆಂಕಿ ನೋಡಿದ. ಆಮೇಲೆ ತಾನಾಗಿಯೇ ಹೇಳತೊಡಗಿದ.

“ಕಾರ್ಪೊರೇಷನ್ ಸೇರೋಕೆ ಮುಂಚೆ ಲಾರಿ ಓಡಿಸ್ತಿದ್ದೆ. ಬೆಳಿಗ್ಗೆ ಇಟ್ಟಿಗೆ ತಗೊಂಡು ಹೋದೆ. ದಾರೀಲಿ ರೈಲ್ವೆ ಸೇತುವೆ. ಸಲೀಸಾಗಿ ದಾಟ್ತು. ಸಂಜೆ ಹುಲ್ಲು ತುಂಬ್ಕೊಂಡು ಅದೇ ದಾರೀಲಿ ಬಂದೆ. ಕ್ಲೀನರ್ ಹುಡುಗ ಹುಲ್ಲಿನ ಮೇಲೆ ಕೂತಿದ್ದ, ಕರೆಂಟ್ ತಂತಿ ಎತ್ತೋಕೆ ಬಿದಿರು ಗಳ ಹಿಡ್ಕೊಂಡು. ನನ್ ತಲೇಲಿ ಬೆಳಿಗ್ಗೆ ಗಾಡೀನೇ ಇತ್ತು. ದಾರಿ ಅದೇ, ಗಾಡಿ ಬೇರೆ ಆಗಿತ್ತು. ಮ್ಯಾಲಿಂದ ಕೂಗ್ದ. ಕೇಳುಸ್ಲಿಲ್ಲ.”

ಹುಡುಗ ಉಳಿದ. ಹುಲ್ಲಿನ ಜೊತೆ ಹಿಂದಕ್ಕೆ ಬಿದ್ದು ಬಲಭುಜ ಮುರಿದಿತ್ತು.

“ಅವ್ನ ಬಲಗೈ ಇವತ್ಗೂ ಮ್ಯಾಕೆ ಎತ್ತಕ್ಕಾಗಲ್ಲ. ನೀನೂ ನೋಡಿದ್ದೀಯ. ಕೆರೆ ಏರಿ ಹತ್ರ ಎಲೆ-ಅಡಿಕೆ ಅಂಗಡಿ.”

ನೋಡಿದ್ದೆ. ನಮ್ಮ ಬೀದಿಯಲ್ಲೇ ಎರಡು ಅಂಗಡಿ ಇದ್ದರೂ ಅಪ್ಪ ಒಂದೂವರೆ ಮೈಲಿ ಸೈಕಲ್ ತುಳಿದು ಅಲ್ಲಿಗೇ ಹೋಗುತ್ತಿದ್ದ. ನಾಲ್ಕಾಣೆ ಉಳಿಸಲು ಹೋಗುತ್ತಾನೆ ಎಂದು ನಾನು ಅಮ್ಮನ ಹತ್ತಿರ ಹಂಗಿಸಿದ್ದೂ ಉಂಟು. ಡಬ್ಬಿಯಿಂದ ನನಗೆ ಪೆಪ್ಪರಮೆಂಟು ತೆಗೆದುಕೊಡುವಾಗ ಆ ಅಂಗಡಿಯವರು ಎಡಗೈ ಚಾಚುತ್ತಿದ್ದದ್ದು ಈಗ ನೆನಪಿಗೆ ಬಂತು.

“ತಪ್ಪಾಯ್ತು ಅಂತ ಹೇಳಿದ್ಯಾ ಅಪ್ಪ?”

“ಎಲೆ ತಗೊಂಡೆ ಅಷ್ಟೆ. ಮೂವತ್ತೈದು ವರ್ಷ.”

ಮಾರನೆಯ ದಿನದಿಂದ ಹೊರಡುವ ಮೊದಲು ದಾರಿಯ ಒಂದೊಂದು ಸೇತುವೆಯನ್ನೂ ನೋಡಿಟ್ಟುಕೊಂಡೆವು. ಲಾರಿಯವರು ಬಳಸುವ ರಸ್ತೆ ನಕ್ಷೆಯ ಪುಸ್ತಕ ಕೊಂಡೆ. ತಗ್ಗು ಸೇತುವೆಗಳ ಪಟ್ಟಿಯೇ ಅದರಲ್ಲಿದೆ. ಅಪ್ಪ ತನ್ನ ವಿದ್ಯೆಯನ್ನೂ ಹೇಳಿಕೊಟ್ಟ. ಫಲಕದ ಅಂಕಿಯನ್ನೇ ಪೂರ್ತಿ ನಂಬಬೇಡ, ಡಾಂಬರು ಹಾಕಿದಾಗೆಲ್ಲ ಸೇತುವೆ ಅಷ್ಟು ತಗ್ಗುತ್ತದೆ. ಕಮಾನಾದರೆ ನಡುವೆ ಎತ್ತರ, ಅಂಚಿನಲ್ಲಿ ತಗ್ಗು. ಖಾಲಿ ಗಾಡಿ ತುಂಬಿದ ಗಾಡಿಗಿಂತ ಎತ್ತರ ನಿಲ್ಲುತ್ತದೆ. ಅನುಮಾನ ಬಂದರೆ ನಿಲ್ಲಿಸು, ಇಳಿದು ನೋಡು. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ.

ಅಕೇಡಿಯಾದ ಒಳರಸ್ತೆಯಲ್ಲೂ ಕಲ್ಲಿನ ಸೇತುವೆಗಳಿವೆ. ಒಂದರ ಎತ್ತರ 10 ಅಡಿ 4 ಇಂಚು. ಗಾಡಿಯನ್ನು ಬಿಡಾರದಲ್ಲೇ ಬಿಟ್ಟು ಅಲ್ಲಿನ ಉಚಿತ ಬಸ್ಸು ಹತ್ತಿದೆವು. ಅಪ್ಪ ಮುಂದಿನ ಸೀಟಿನಲ್ಲಿ, ಡ್ರೈವರ್ ಹಿಂದೆಯೇ ಕೂತ. ಸಮುದ್ರಕ್ಕಿಂತ ಹೆಚ್ಚಾಗಿ ಅವಳ ಕೈಗಳನ್ನೇ ನೋಡಿದ.

ಊರಿಗೆ ಮರಳಿದ ವಾರದಲ್ಲಿ ಫೋನು ಮಾಡಿದ್ದ. “ಅಂಗಡಿಗೆ ಹೋಗಿದ್ದೆ.”

“ಏನಂದೆ?”

“ಎಲೆ ತಗೊಂಡೆ.” ಸ್ವಲ್ಪ ಹೊತ್ತು ಸುಮ್ಮನಿದ್ದ. “ಅಮೆರಿಕದಲ್ಲಿ ಗಾಡಿ ನಿಲ್ಸಿದ್ ಕತೆ ಹೇಳ್ದೆ. ಪೂರ್ತಿ ಕೇಳ್ದ. ಆಮೇಲೆ, ಸದ್ಯ ನಿಲ್ಸಿದ್ಯಲ್ಲ ಅಣ್ಣ, ಅಂದ.”

11-6 ಎಂದು ಬರೆದ ಆ ಚೀಟಿ ಈಗ ನನ್ನ ಕಾರಿನಲ್ಲಿದೆ. ಕಾರಿಗೆ ಅದರ ಅಗತ್ಯವಿಲ್ಲ. ಆದರೂ ತೆಗೆದಿಲ್ಲ.