ಕುರಿ ಹುಡುಗ ಆ ಪರೀಕ್ಷೆಯಲ್ಲಿ ಫೇಲು

ಅಮೆರಿಕದ ಫಿಲಿಪ್ ಕೆ. ಡಿಕ್ ಬರೆದು 1968ರಲ್ಲಿ ಪ್ರಕಟವಾದ ಕಾದಂಬರಿ ‘ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?’. ಹೆಸರೇ ಮಾರುದ್ದ. ಅದನ್ನು ನಮ್ಮೂರ ಪಂಚಾಯಿತಿ ಲೈಬ್ರರಿಯಲ್ಲಿ ಹತ್ತನೇ ಕ್ಲಾಸು ದಾಟಿದ ಮಕ್ಕಳಿಗೆ ಐದು ಭಾನುವಾರ ಕನ್ನಡದಲ್ಲಿ ಹೇಳಿದೆವು. ಆಂಡ್ರಾಯ್ಡ್ ಅಂದರೆ ಇಲ್ಲಿ ಫೋನಲ್ಲ, ಕಂಪನಿ ತಯಾರಿಸಿದ ಮನುಷ್ಯ ಅಂತ ತಿಳಿಸುವುದಕ್ಕೇ ಒಂದು ಗಂಟೆ ಹೋಯಿತು.

ಯುದ್ಧದ ವಿಷದೂಳಿಗೆ ಪ್ರಾಣಿಗಳು ಬಹುತೇಕ ಅಳಿದಿವೆ. ಜೀವಂತ ಪ್ರಾಣಿ ಸಾಕುವುದೇ ದೊಡ್ಡಸ್ತಿಕೆ. ಡೆಕಾರ್ಡ್ ಎಂಬವನ ಕುರಿ ಧನುರ್ವಾಯುವಿನಿಂದ ಸತ್ತಿದೆ. ನೆರೆಯವರಿಗೆ ಗೊತ್ತಾಗಬಾರದೆಂದು ಕರೆಂಟಿನ ಕುರಿ ತಂದು ಮಹಡಿ ಮೇಲೆ ಕಟ್ಟಿದ್ದಾನೆ. (‘ಬ್ಲೇಡ್ ರನ್ನರ್’ ಸಿನಿಮಾ ನೋಡಿದವರಿಗೆ ಈ ಕುರಿ ಸಿಗುವುದಿಲ್ಲ. ನಮಗಂತೂ ಕುರಿಯಿಲ್ಲದ ಆ ಕಥೆ ಸಪ್ಪೆ.) ಮಂಗಳ ಗ್ರಹದಿಂದ ತಪ್ಪಿಸಿಕೊಂಡು ಬಂದ ಆಂಡ್ರಾಯ್ಡ್‌ಗಳನ್ನು ಹುಡುಕಿ ಕೊಲ್ಲುವುದು ಅವನ ಕೆಲಸ. ಗುರುತು ಹಿಡಿಯಲು ಒಂದು ಪರೀಕ್ಷೆಯಿದೆ. ಪ್ರಾಣಿಗಳಿಗೆ ನೋವಾಗುವಂಥ ಪ್ರಶ್ನೆ ಕೇಳಿ ಕಣ್ಣಿನ ಸ್ನಾಯು, ಕೆನ್ನೆಯ ರಕ್ತನಾಳ ಮಿಡಿದವೇ ಅಂತ ಅಳೆಯುತ್ತಾರೆ. ತಕ್ಷಣ ಮಿಡಿಯದಿದ್ದರೆ ಮನುಷ್ಯನಲ್ಲ.

ಅದರಲ್ಲಿನ ಒಂದು ಪ್ರಶ್ನೆಯನ್ನು ನಾವೂ ಕೇಳಿದೆವು: ಹುಟ್ಟುಹಬ್ಬಕ್ಕೆ ಯಾರೋ ನಿಮಗೆ ಚರ್ಮದ ಪರ್ಸ್ ಕೊಟ್ಟರು. ಏನನ್ನಿಸುತ್ತದೆ?

“ಎಷ್ಟು ವರ್ಷ ಬಾಳಿಕೆ ಬರ್ತದಣ್ಣಾ?” ಅಂದ ಕುರಿ ಕಾಯುವ ಮನೆಯ ಹುಡುಗ.

“ಇವನೇ ಆಂಡ್ರಾಯ್ಡ್!” ಅಂತ ಎಲ್ಲರೂ ಕೂಗಿದರು. ಅವನೂ ನಕ್ಕ. ಆದರೆ ಹೋದ ಮಳೆಗಾಲ ನೀಲಿ ನಾಲಿಗೆ ರೋಗ ಬಂದು, ಬಾಯಿ ಊದಿ ಮೇವು ಬಿಟ್ಟ ಕುರಿಗಳಿಗೆ ರಾತ್ರಿಯೆಲ್ಲ ಕೂತು ಗಂಜಿ ಕುಡಿಸಿದವನು ಅವನೇ. ಅದು ನಮಗೂ ಗೊತ್ತು, ಕೂಗಿದವರಿಗೂ ಗೊತ್ತು.

ಕಾದಂಬರಿಯಲ್ಲೂ ಈ ಅನುಮಾನ ಬರುತ್ತದೆ. ಮನಸ್ಸಿನ ಕಾಯಿಲೆಯಿರುವ ಕೆಲವು ಮನುಷ್ಯರೂ ಇದರಲ್ಲಿ ಫೇಲಾಗಬಹುದು ಅಂತ ಪೊಲೀಸರೇ ಹೆದರುತ್ತಾರೆ. ಇನ್ನೊಂದು ಕಡೆ ಇಸಿಡೋರ್ ಇದ್ದಾನೆ. ಬುದ್ಧಿಯ ಪರೀಕ್ಷೆಯಲ್ಲಿ ಫೇಲಾದವನು, ಜನ ಅವನನ್ನು ‘ಕೋಳಿತಲೆ’ ಅನ್ನುತ್ತಾರೆ. ಅವನಿಗೆ ಸಿಕ್ಕ ಜೇಡದ ಕಾಲನ್ನು ಆಂಡ್ರಾಯ್ಡ್ ಹೆಂಗಸು ಕತ್ತರಿಯಿಂದ ಒಂದೊಂದಾಗಿ ಕತ್ತರಿಸುವಾಗ ಸಂಕಟ ಪಡುವವನು ಅವನೊಬ್ಬನೇ. ಆ ಭಾಗ ಹೇಳುವಾಗ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

ಗಣಿತದಲ್ಲಿ ಫೇಲಾಗಿ ಓದು ಬಿಟ್ಟ ಹುಡುಗಿ ಕೇಳಿದಳು: “ಅವನನ್ನ ಫೇಲ್ ಮಾಡಿದೋರು ಜೇಡದ ಪ್ರಶ್ನೆ ಯಾಕೆ ಕೇಳಲಿಲ್ಲಕ್ಕಾ?”

ಕೊನೆಯ ಭಾನುವಾರ ನೆಲಗಪ್ಪೆಯ ಭಾಗ. ಡೆಕಾರ್ಡ್ ಮರುಭೂಮಿಯಿಂದ ಆಸೆಯಿಂದ ತಂದ ಕಪ್ಪೆ ಕರೆಂಟಿನದು ಅಂತ ಹೆಂಡತಿಗೆ ಗೊತ್ತಾಗುತ್ತದೆ. ಆದರೂ ಅದಕ್ಕೆಂದು ಅಂಗಡಿಯಿಂದ ಸುಳ್ಳು ನೊಣ ತರಿಸುತ್ತಾಳೆ. ದಂಡದ ಖರ್ಚು ಅಂತ ಅರ್ಧ ಜನ, ಗಂಡನಿಗೋಸ್ಕರ ಮಾಡಿದ್ದು ಅಂತ ಇನ್ನರ್ಧ. ಲೈಬ್ರರಿಗೆ ಬೀಗ ಹಾಕಿದ ಮೇಲೂ ಜಗಳ ಅರಳಿಕಟ್ಟೆವರೆಗೆ ನಡೆಯಿತು.