ಒಂದೇ ದಾರಿಯ ಊರು

ಕಡಲು ಯಾವ ದಿಕ್ಕಿಗಿದೆ ಎಂದು ಹೊನ್ನಾವರದ ಕಡೆಯವರನ್ನು ಯಾರೂ ಕೇಳುವುದಿಲ್ಲ. ಕಡಲೆಂದರೆ ಪಡುವಣ. ಸೂರ್ಯ ಗುಡ್ಡದ ಕಡೆ ಹುಟ್ಟಬೇಕು, ನೀರಿನಲ್ಲಿ ಮುಳುಗಬೇಕು. ಅರವತ್ತು ವರ್ಷ ಈ ಲೆಕ್ಕದಲ್ಲೇ ಬದುಕಿದ ಆ ತಾಯಿಗೆ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಮೊದಲ ದಿನವೇ ದಿಕ್ಕು ತಪ್ಪಿತು. ಮಗಳ ಮನೆಯಿಂದ ನಸುಕಿನಲ್ಲೇ ಗಂಡನೊಡನೆ ಕಡಲಂಚಿಗೆ ಬಂದರೆ, ಸೂರ್ಯ ನೀರಿನಿಂದಲೇ ಮೇಲೇಳುತ್ತಿದ್ದ!

"ಏನ್ರೀ ಇದು, ಈ ದೇಶದಲ್ಲಿ ಸೂರ್ಯ ಪಶ್ಚಿಮಕ್ಕೆ ಹುಟ್ತಾನಾ?" ಎಂದು ಗಾಬರಿಯಿಂದ ಕೇಳಿದರು.

ಹಾಗೇನೂ ಇಲ್ಲ. ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಪೆಸಿಫಿಕ್ ಕರಾವಳಿ ಇಲ್ಲಿ ಮಾತ್ರ ಪೂರ್ವ-ಪಶ್ಚಿಮವಾಗಿ ತಿರುಗಿ ನಿಂತಿದೆ. ಭೂಮಿಯ ಎರಡು ದೊಡ್ಡ ಫಲಕಗಳು ಒಂದನ್ನೊಂದು ಉಜ್ಜಿಕೊಂಡು ಸರಿಯುವಾಗ ನಡುವೆ ಸಿಕ್ಕ ನೆಲದ ತುಂಡು ಕೋಟ್ಯಂತರ ವರ್ಷಗಳಲ್ಲಿ ಗಡಿಯಾರದ ಮುಳ್ಳಿನಂತೆ ತಿರುಗಿಬಿಟ್ಟಿದೆ. ಹೀಗಾಗಿ ಊರಿನ ಬೆನ್ನಿಗೆ, ಉತ್ತರಕ್ಕೆ, ಸಾಂಟಾ ಇನೆಜ್ ಬೆಟ್ಟಗಳ ಗೋಡೆ. ಎದುರಿಗೆ, ದಕ್ಷಿಣಕ್ಕೆ, ಕಡಲು. ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ವಾಲಿ ಹುಟ್ಟುವುದರಿಂದ ನೀರಿನಿಂದ ಬಂದಂತೆ ಕಾಣುತ್ತಾನೆ.

ಬೆಟ್ಟಕ್ಕೂ ಕಡಲಿಗೂ ನಡುವೆ ಉಳಿದ ಕಿರಿದಾದ ಪಟ್ಟಿಯಲ್ಲಿ ಊರು, ಹೆದ್ದಾರಿ, ರೈಲು ಹಳಿ ಎಲ್ಲವೂ ಮೈಗೆ ಮೈ ತಾಗಿಸಿಕೊಂಡಿವೆ. ಈ ಸಂಗತಿ ಹೆಂಡತಿಗಿಂತ ಗಂಡನಿಗೆ ಬೇಗ ತಿಳಿಯಿತು. ಅವರು ನಿವೃತ್ತ ಸ್ಟೇಷನ್ ಮಾಸ್ತರರು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಸ್ಟೇಷನ್ನೊಂದರಲ್ಲಿ ಬಹಳ ಕಾಲ ಇದ್ದವರು. 2022ರ ನವೆಂಬರ್ ಕೊನೆಯಲ್ಲಿ ಲಾಸ್ ಏಂಜಲೀಸಿನಲ್ಲಿ ವಿಮಾನ ಇಳಿದಾಗ ಮಗಳು, "ಬಸ್ಸಿಗೆ ಹೋಗೋಣ್ವಾ, ರೈಲಿಗಾ ಅಪ್ಪಾ?" ಎಂದು ಕೇಳಿದ್ದಳು. ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ.

'ಪೆಸಿಫಿಕ್ ಸರ್ಫ್‌ಲೈನರ್' ಎಂಬ ಆ ಎರಡಂತಸ್ತಿನ ರೈಲು ಸುಮಾರು ನೂರೈವತ್ತು ಕಿಲೋಮೀಟರಿಗೆ ಎರಡೂವರೆ ಗಂಟೆಗೂ ಮಿಕ್ಕಿ ತೆಗೆದುಕೊಂಡಿತು. ನಡುದಾರಿಯಲ್ಲಿ ಒಮ್ಮೆ ಸುಮ್ಮನೆ ನಿಂತಿತು. ಬೇರೆ ಪ್ರಯಾಣಿಕರು ಗಡಿಯಾರ ನೋಡಿಕೊಂಡರೆ ಮಾಸ್ತರರ ಮುಖ ಅರಳಿತು. "ಕ್ರಾಸಿಂಗ್! ಇದು ಸಿಂಗಲ್ ಲೈನು" ಎಂದರು. ವೆಂಚುರಾ ದಾಟಿದ ಮೇಲೆ ಹಳಿಯ ಒಂದು ಬದಿಗೆ ಅಲೆ, ಇನ್ನೊಂದು ಬದಿಗೆ 101ನೇ ಹೆದ್ದಾರಿ, ಅದರಾಚೆ ಕಡಿದಾದ ಗುಡ್ಡ. "ಗುಡ್ಡ ಒಂದು ಸಲ ಮೈ ಕೊಡವಿದರೆ ಸಾಕು, ಎರಡೂ ಬಂದ್" ಎಂದರು. ಘಾಟಿಯ ಮನುಷ್ಯನಿಗೆ ಬೆಟ್ಟದ ಬುದ್ಧಿ ಗೊತ್ತು.

ಈ ಊರಿಗೆ ಹೋಗುವುದು ಹಿಂದೆಯೂ ಸಲೀಸಾಗಿರಲಿಲ್ಲ. ಸ್ಪೇನಿನ ಪಾದ್ರಿಗಳು ಚುಮಾಶ್ ಬುಡಕಟ್ಟಿನವರ ನೆಲದಲ್ಲಿ ಮಿಷನ್ ಸ್ಥಾಪಿಸಿದ್ದು 1786ರ ಡಿಸೆಂಬರ್ 4ರಂದು, ಸಂತ ಬಾರ್ಬರಾಳ ಹಬ್ಬದ ದಿನ. ಆಮೇಲೆ ನೂರು ವರ್ಷ ಇಲ್ಲಿಗೆ ಬರುವವರಲ್ಲಿ ಎಷ್ಟೋ ಮಂದಿ ಹಡಗನ್ನೇ ನೆಚ್ಚಿಕೊಂಡಿದ್ದರು. 1872ರಲ್ಲಿ ಸ್ಟರ್ನ್ಸ್ ವಾರ್ಫ್ ಎಂಬ ಮರದ ದಕ್ಕೆ ಬಂತು. ಲಾಸ್ ಏಂಜಲೀಸಿನಿಂದ ರೈಲು ಬಂದದ್ದು 1887ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋವರೆಗೆ ಹಳಿ ಕೂಡಿದ್ದು 1901ರಲ್ಲಿ. 1925ರ ಜೂನ್ 29ರ ಭೂಕಂಪ ಪೇಟೆಯನ್ನು ನೆಲಕ್ಕೊರಗಿಸಿತು. ಊರವರು ಅದನ್ನು ಬಿಳಿ ಗೋಡೆ, ಕೆಂಪು ಹೆಂಚುಗಳ ಸ್ಪ್ಯಾನಿಷ್ ಮಾದರಿಯಲ್ಲಿ ಮತ್ತೆ ಕಟ್ಟಿದರು. ಆ ಹೆಂಚುಗಳನ್ನು ಕಂಡು, "ನಮ್ಮ ಮಂಗಳೂರು ಹೆಂಚಿನ ಹಾಗೇ ಇದೆ" ಎಂದು ಅಮ್ಮನಿಗೆ ಕೊಂಚ ಸಮಾಧಾನವಾಯಿತು.

ಸಮಾಧಾನ ಮನೆಯ ಬಾಗಿಲವರೆಗೆ ಮಾತ್ರ. ಸಂಶೋಧನೆಯ ಕೆಲಸದಲ್ಲಿರುವ ಮಗಳು ಇಬ್ಬರು ಗೆಳತಿಯರೊಡನೆ ಬಾಡಿಗೆ ಮನೆಯೊಂದರಲ್ಲಿ ಪಾಲು ಹಿಡಿದಿದ್ದಳು. ಅವಳ ಪಾಲಿಗೆ ಒಂದು ಕೋಣೆ. ಅದನ್ನು ಅಪ್ಪ ಅಮ್ಮನಿಗೆ ಬಿಟ್ಟು ತಾನು ಹಾಲಿನ ಸೋಫಾದ ಮೇಲೆ ಮಲಗಿದಳು. ಸಂಬಳದ ಅರ್ಧ ಆ ಕೋಣೆಗೇ ಹೋಗುತ್ತದೆಂದು ತಿಳಿದಾಗ ಮಾಸ್ತರರು ಬಹಳ ಹೊತ್ತು ಮಾತಾಡಲಿಲ್ಲ. ಅವರ ಕಾಲದಲ್ಲಿ ರೈಲು ಕಾಡಿಗೆ ಹೋದರೂ ಸ್ಟೇಷನ್ನಿನ ಪಕ್ಕ ಕ್ವಾರ್ಟರ್ಸ್ ಇರುತ್ತಿತ್ತು. ಸೋರುತ್ತಿತ್ತು, ಹಾವು ಬರುತ್ತಿತ್ತು, ಆದರೂ ಇರುತ್ತಿತ್ತು.

"ಇಷ್ಟು ದೊಡ್ಡ ಊರಿಗೆ ಕೆಲಸದವರು ಬೇಕು, ಅವರಿಗೆ ಮನೆ ಬೇಡವಾ?" ಎಂದು ಕೇಳಿದರು.

"ಬರೋದಕ್ಕೆ ಯಾರೂ ಬೇಡ ಅನ್ನಲ್ಲ ಅಪ್ಪಾ. ಉಳಿಯೋದೇ ಕಷ್ಟ" ಎಂದಳು ಮಗಳು.

ಅದು ಬರೀ ಅವಳ ಗೋಳಲ್ಲ. ಕಡಲು, ಬೆಟ್ಟ, ಹಿತವಾದ ಹವೆ ಮೂರೂ ಸೇರಿದ ಕಡೆ ನೆಲಕ್ಕೆ ಬಂಗಾರದ ಬೆಲೆ. ಬೆಟ್ಟವಿರುವುದರಿಂದ ಊರು ಹಿಂದಕ್ಕೆ ಬೆಳೆಯುವಂತಿಲ್ಲ, ಕಡಲಿರುವುದರಿಂದ ಮುಂದಕ್ಕೂ ಇಲ್ಲ. ಹೋಟೆಲಿನ ಅಡುಗೆಯವರು, ಆಸ್ಪತ್ರೆಯ ದಾದಿಯರು, ಶಾಲೆಯ ಮೇಷ್ಟ್ರುಗಳಲ್ಲಿ ಎಷ್ಟೋ ಮಂದಿ ವೆಂಚುರಾ, ಆಕ್ಸ್‌ನಾರ್ಡ್ ಕಡೆಯಿಂದ ದಿನವೂ ಬಂದು ಹೋಗುವವರು. ಅದೂ ಆಗದ ಕೆಲವರು ಕಾರಿನಲ್ಲೇ ರಾತ್ರಿ ಕಳೆಯುತ್ತಾರೆ. ಅಂಥವರು ಭಯವಿಲ್ಲದೆ ಮಲಗಲೆಂದು ಚರ್ಚು, ಕಚೇರಿಗಳ ಪಾರ್ಕಿಂಗ್ ಜಾಗವನ್ನು ರಾತ್ರಿ ಹೊತ್ತು ಬಿಟ್ಟುಕೊಡುವ ಏರ್ಪಾಡು ಇಲ್ಲಿ 2004ರಿಂದ ನಡೆದಿದೆ.

ಹೀಗೆ ದಿನವೂ ಬಂದು ಹೋಗುವವಳೊಬ್ಬಳು ಜನವರಿಯಲ್ಲಿ ಇವರ ಮನೆಗೇ ಬಂದಳು. ಅದಕ್ಕೆ ಮೊದಲು ಆ ದಾರಿಯ ಕಥೆ ಹೇಳಬೇಕು. 2017ರ ಡಿಸೆಂಬರ್ 4ರಂದು, ಮತ್ತೆ ಬಾರ್ಬರಾಳ ಹಬ್ಬದ ದಿನವೇ, ವೆಂಚುರಾ ಸೀಮೆಯಲ್ಲಿ ಹೊತ್ತಿದ ಕಾಳ್ಗಿಚ್ಚು ಎರಡು ಲಕ್ಷ ಎಂಬತ್ತು ಸಾವಿರ ಎಕರೆಗೂ ಹೆಚ್ಚು ನೆಲವನ್ನು ಸುಟ್ಟಿತು. ಅಲ್ಲಿನ ಕುರುಚಲು ಗಿಡಗಳ ಎಲೆಯಲ್ಲಿ ಮೇಣದಂಥ ಅಂಶವಿರುತ್ತದೆ. ಬೆಂಕಿಯಲ್ಲಿ ಅದು ಆವಿಯಾಗಿ ಮಣ್ಣಿಗಿಳಿದು, ತಣಿದು, ನೀರು ಇಂಗದ ಪದರವಾಗುತ್ತದೆ. 2018ರ ಜನವರಿ 9ರ ನಸುಕಿನಲ್ಲಿ ಕೆಲವೇ ನಿಮಿಷ ಸುರಿದ ಬಿರುಮಳೆಗೆ ಬೆಟ್ಟ ನೀರನ್ನು ಕುಡಿಯಲಿಲ್ಲ. ಕೆಸರು, ಮರ, ಮನೆಗಾತ್ರದ ಬಂಡೆಗಳೊಡನೆ ಪಕ್ಕದ ಮಾಂಟೆಸಿಟೋ ಊರಿನ ಮೇಲೆ ಕೆಡವಿತು. 23 ಜನ ಹೋದರು. ಹೆದ್ದಾರಿ ಹನ್ನೆರಡು ದಿನ ಮುಚ್ಚಿತು. ಆಗ ಕೆಲಸದವರು ವೆಂಚುರಾದಿಂದ ದೋಣಿಯಲ್ಲಿ ಬಂದರು. ನೂರಮೂವತ್ತು ವರ್ಷದ ನಂತರ ಊರಿಗೆ ಮತ್ತೆ ಕಡಲೇ ದಾರಿಯಾಯಿತು. ಅದೇ 2018ರ ಆಗಸ್ಟಿನಲ್ಲಿ ಮಾಸ್ತರರ ಘಾಟಿಯಲ್ಲೂ ಗುಡ್ಡ ಕುಸಿದು ಹಳಿ ಮುಚ್ಚಿತ್ತು.

ಸರಿಯಾಗಿ ಐದು ವರ್ಷಕ್ಕೆ, 2023ರ ಜನವರಿ 9ರಂದು, ಮತ್ತೆ ಅದೇ ಮಳೆ. ಮಾಂಟೆಸಿಟೋ ಪೂರ್ತಿ ಖಾಲಿ ಮಾಡಬೇಕೆಂದು ಅಧಿಕಾರಿಗಳ ಆಜ್ಞೆಯಾಯಿತು. ಹೆದ್ದಾರಿ ಮುಚ್ಚಿತು, ರೈಲೂ ನಿಂತಿತು. ಕತ್ತಲಾದ ಮೇಲೆ ಮಗಳು ತೊಪ್ಪನೆ ನೆನೆದು ಬಂದಳು. ಜೊತೆಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು. ಮಗಳ ಪ್ರಯೋಗಾಲಯದಲ್ಲಿ ಕಸ ಗುಡಿಸಿ ಒರೆಸುವವಳು, ಮನೆ ಆಕ್ಸ್‌ನಾರ್ಡಿನಲ್ಲಿ, ಅರವತ್ತು ಕಿಲೋಮೀಟರ್ ದೂರ. ಗಂಡ ಸ್ಟ್ರಾಬೆರಿ ಹೊಲದ ಕೂಲಿ. ಇಬ್ಬರು ಮಕ್ಕಳು.

ಅವಳಿಗೆ ಬರುವುದು ಸ್ಪ್ಯಾನಿಷ್, ಅಮ್ಮನಿಗೆ ಕನ್ನಡ. ಅಮ್ಮ ಒಣ ಸೀರೆಯೊಂದನ್ನು ಹೊದೆಯಲು ಕೊಟ್ಟರು, ಸಾರು ಅನ್ನ ಬಡಿಸಿದರು. ಅವಳು ಅನ್ನವನ್ನು ಬೆರಳಲ್ಲೇ ಕಲಸಿ ಒಂದೆರಡು ತುತ್ತು ಉಂಡಳು. ಅಷ್ಟರಲ್ಲಿ ಫೋನು ಬಂತು. ಆ ಕಡೆ ಚಿಕ್ಕ ಮಗು ಅಳುತ್ತಿತ್ತು. ಅವಳು ತಟ್ಟೆ ಸರಿಸಿ, ಗೋಡೆಗೆ ಮುಖ ಮಾಡಿ, ಮೆಲ್ಲಗೆ ಏನೋ ಹೇಳುತ್ತಲೇ ಇದ್ದಳು. ಮಗುವನ್ನು ಮಲಗಿಸುವ ದನಿಗೆ ಭಾಷಾಂತರ ಬೇಕಾಗುವುದಿಲ್ಲ. ಅಮ್ಮ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಕಾದು ಕುಳಿತರು.

ಮಾಸ್ತರರು ಮಾತ್ರ ಸುಮ್ಮನೆ ಕೂರಲಿಲ್ಲ. ಮಗಳ ಕೈಯಲ್ಲಿ ಅರ್ಧ ಗಂಟೆಗೊಮ್ಮೆ ರಸ್ತೆಯ ಸುದ್ದಿ ನೋಡಿಸಿ, ಒಂದು ಕಾಗದದಲ್ಲಿ ವೇಳೆ ಸಮೇತ ಬರೆದಿಟ್ಟರು. ಲೈನ್ ಮುಚ್ಚಿದ ರಾತ್ರಿ ಪ್ರಯಾಣಿಕರಿಗೆ ಏನಾದರೊಂದು ಹೇಳುತ್ತಿರಬೇಕು, 'ಗೊತ್ತಿಲ್ಲ' ಎಂದಾದರೂ ಹೇಳಬೇಕು ಎಂಬುದು ಅವರ ಸರ್ವೀಸಿನ ಪಾಠ. ಮಗಳು ಕೋಣೆಗೆ ಹಾಸಿಗೆ ತಂದಳು. ಹೆಂಗಸರು ಮೂವರೂ ಒಳಗೆ ಮಲಗಿದರು, ಮಾಸ್ತರರು ಸೋಫಾದ ಮೇಲೆ. ಮರುದಿನ ರಸ್ತೆ ತೆರೆದ ಸುದ್ದಿ ಬಂದ ಕೂಡಲೇ ಅವಳು ಹೊರಟಳು. ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿದ್ದಳು.

ಆ ಸಂಜೆ ಮಾಸ್ತರರು ಮಗಳನ್ನು ಕೇಳಿದರು. ಅದನ್ನೇ ಕೇಳಲೆಂದು ಅವರು ಊರಿಂದ ಬಂದಿದ್ದರು.

"ನೀನು ಇಲ್ಲೇ ಇರ್ತೀಯಾ, ವಾಪಸ್ ಬರ್ತೀಯಾ?"

"ಕೆಲಸ ಇನ್ನೊಂದು ವರ್ಷ ಇದೆ ಅಪ್ಪಾ. ಆಮೇಲೆ ವೀಸಾ, ಬಾಡಿಗೆ ಏನು ಹೇಳತ್ತೋ ನೋಡ್ಬೇಕು. ಅವಳು ಹದಿನೈದು ವರ್ಷದಿಂದ ಈ ಊರನ್ನ ಗುಡಿಸ್ತಿದಾಳೆ. ನಿನ್ನೆ ಮೊದಲನೇ ಸಲ ಇಲ್ಲಿ ರಾತ್ರಿ ಉಳಿದಳಂತೆ."

ಮಾಸ್ತರರು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಫೆಬ್ರವರಿ ಕೊನೆಗೆ ಹೊರಡುವ ದಿನ ಮೂವರೂ ಸ್ಟೇಷನ್ನಿಗೆ ಬೇಗನೆ ಬಂದರು. ಪಕ್ಕದಲ್ಲೊಂದು ಭಾರಿ ಮರ. ನಮ್ಮ ಆಲ, ಅತ್ತಿ, ಅರಳಿಗಳ ಕುಲದ್ದೇ, ಆದರೆ ಹುಟ್ಟೂರು ಆಸ್ಟ್ರೇಲಿಯಾ. 1876ರಲ್ಲಿ ನಾವಿಕನೊಬ್ಬ ಆ ಸಸಿಯನ್ನು ಇಲ್ಲಿನ ಹುಡುಗಿಯೊಬ್ಬಳಿಗೆ ಕೊಟ್ಟನೆಂದೂ, ಮರುವರ್ಷ ಅದನ್ನು ಈಗಿರುವ ಜಾಗಕ್ಕೆ ತಂದು ನೆಟ್ಟರೆಂದೂ ಊರವರು ಹೇಳುತ್ತಾರೆ. ಹಲಗೆಯಂಥ ಬೇರುಗಳು ನೆಲದ ಮೇಲೆ ಗೋಡೆಯ ಹಾಗೆ ಎದ್ದು ನಿಂತಿವೆ.

ಅಮ್ಮ ಮರಕ್ಕೆ ಕೈಮುಗಿದರು. "ಹಡಗಲ್ಲಿ ಬಂದು ಎಷ್ಟು ಚೆನ್ನಾಗಿ ಬೇರು ಬಿಟ್ಟಿದೆ ನೋಡಿ" ಎಂದರು.

"ಅದಕ್ಕೆ ಯಾರೋ ಜಾಗ ಕೊಟ್ಟಿದ್ರು ಕಣೇ" ಎಂದರು ಮಾಸ್ತರರು.

ರೈಲು ಇಪ್ಪತ್ತು ನಿಮಿಷ ತಡ ಎಂದು ಹಲಗೆಯ ಮೇಲೆ ಬಂತು. ಮಗಳು ಅಮ್ಮನ ಕೈ ಹಿಡಿದುಕೊಂಡಳು. ಸಿಂಗಲ್ ಲೈನಿನ ತಡಕ್ಕೆ ಆ ದಿನ ಮೂವರಲ್ಲಿ ಯಾರೂ ಬೇಸರಪಡಲಿಲ್ಲ.